ಸೋರುವ ಮಾಡಿಗೆ ಸಿಮೆಂಟು ಮದ್ದಲ್ಲ: ಮಂಗಳೂರು ಹಂಚಿನ ದುರಸ್ತಿ ಕೈಪಿಡಿ

ಮೇ ತಿಂಗಳ ಕೊನೆಯ ವಾರ ಬಂತೆಂದರೆ ಕರಾವಳಿ, ಮಲೆನಾಡು, ಕೊಡಗಿನ ಹಂಚಿನ ಮನೆಗಳವರಿಗೆ ಒಂದೇ ಚಿಂತೆ. ಮಾಡು ಹತ್ತಿ ಹಂಚು ಸರಿಮಾಡುವವರು ಎಲ್ಲಿ ಸಿಗುತ್ತಾರೆ? ಆ ಹೊತ್ತಿಗೆ ಬಲ್ಲ ಕೆಲಸಗಾರರಿಗೆ ಬಿಡುವಿರುವುದಿಲ್ಲ. ಸಿಕ್ಕವರು ಅವಸರದಲ್ಲಿ ಹತ್ತಿ, ಬಿರುಕಿಗೆ ಸಿಮೆಂಟು ಮೆತ್ತಿ, ಅದರ ಮೇಲೆ ಡಾಂಬರು ಬಳಿದು ಇಳಿದುಬಿಡುತ್ತಾರೆ. ಜೂನ್ 7-8ರ ಸುಮಾರಿಗೆ ಮೃಗಶಿರಾ ಮಳೆ ಹೂಡುತ್ತದೆ, ನಾಲ್ಕು ದಿನ ಗಾಳಿ ಸಮೇತ ಹೊಡೆಯುತ್ತದೆ, ಅದೇ ಜಾಗ ಮತ್ತೆ ಸೋರುತ್ತದೆ. ಆಮೇಲೆ ಮನೆಯವರ ಬಾಯಲ್ಲಿ ಬರುವ ಮಾತು, ‘ಈ ಹಂಚಿನ ಸಹವಾಸ ಸಾಕು, ಮುಂದಿನ ವರ್ಷ ಶೀಟು ಹಾಕಿಸಿಬಿಡೋಣ.’

ಇದು ಹಂಚಿನ ತಪ್ಪಲ್ಲ. ಮಂಗಳೂರು ಹಂಚಿನ ಮಾಡು ಬಿಚ್ಚಿ ಜೋಡಿಸಲೆಂದೇ ರೂಪಿಸಿದ ಮಾಡು. ಅಲ್ಲಿ ಅಂಟಿಲ್ಲ, ಹಂಚಿಗೆ ಮೊಳೆಯಿಲ್ಲ. ಪ್ರತಿ ಹಂಚೂ ತನ್ನ ಭಾರದಿಂದ, ಬೆನ್ನ ಹಿಂದಿನ ಕೊಕ್ಕೆಯಿಂದ, ಪಕ್ಕದ ಹಂಚಿನ ಹಿಡಿತದಿಂದ ನಿಂತಿರುತ್ತದೆ. ಹಾಗಾಗಿ ಕೆಟ್ಟ ಒಂದನ್ನು ತೆಗೆದು ಒಳ್ಳೆಯ ಒಂದನ್ನು ಕೂರಿಸುವುದು ಕೆಲವೇ ನಿಮಿಷಗಳ ಕೆಲಸ. ಈ ಗುಣವನ್ನು ಹಾಳುಮಾಡುವುದು ನಾವು ಮೆತ್ತುವ ಸಿಮೆಂಟು. ಸೋರುವ ಕಾರಣವನ್ನು ಮೊದಲು ಹುಡುಕಿ, ಆಮೇಲೆ ಅದಕ್ಕೆ ತಕ್ಕ ದುರಸ್ತಿ ಮಾಡಿದರೆ ಹಳೆಯ ಮಾಡು ಇನ್ನೂ ಎಷ್ಟೋ ಮಳೆಗಾಲ ತಡೆಯುತ್ತದೆ.

ಹಂಚು ನೀರು ತಡೆಯುವ ಬಗೆ

1865ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಅವರ ಮುಂದಾಳತ್ವದಲ್ಲಿ ಮಂಗಳೂರಿನ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿಮಣ್ಣು ಅದಕ್ಕೆ ಆಧಾರ. ಒಂದಕ್ಕೊಂದು ಕಚ್ಚಿಕೊಳ್ಳುವ ಹಂಚಿನ ವಿನ್ಯಾಸ ಫ್ರಾನ್ಸಿನ ಆಲ್ಸಾಸ್ ಪ್ರಾಂತದ್ದು. 1841ರಲ್ಲಿ ಅಲ್ಲಿನ ಗಿಲಾರ್ಡೋನಿ ಸಹೋದರರು ಅದಕ್ಕೆ ಪೇಟೆಂಟ್ ಪಡೆದಿದ್ದರು. ನಮ್ಮ ನಾಡಹಂಚು ಒಂದರ ಮೇಲೊಂದು ಬರಿದೇ ಮಲಗಿರುತ್ತದೆ. ಬೆಕ್ಕು ಓಡಾಡಿದರೂ ಸರಿಯುತ್ತದೆ, ವರ್ಷಕ್ಕೊಮ್ಮೆ ಇಡೀ ಮಾಡನ್ನು ಕೈಯಾಡಿಸಲೇಬೇಕು. ಮಂಗಳೂರು ಹಂಚು ಕಚ್ಚಿಕೊಂಡು ಕೂರುವುದರಿಂದ ಆ ಕಾಟ ಬಹುಮಟ್ಟಿಗೆ ತಪ್ಪಿತು.

ಒಂದು ಹಂಚನ್ನು ಕೈಯಲ್ಲಿ ಹಿಡಿದು ನೋಡಿ. ಉದ್ದ ಸುಮಾರು 410 ಮಿಲಿಮೀಟರ್, ಅಗಲ ಸುಮಾರು 235. ತೂಕ 2ರಿಂದ 3 ಕಿಲೋ. ಒಂದು ಅಂಚಿನುದ್ದಕ್ಕೂ ಸಣ್ಣ ಕಾಲುವೆ, ಇನ್ನೊಂದು ಅಂಚಿನಲ್ಲಿ ಅದರೊಳಗೆ ಕೂರುವ ಏಣು. ಪಕ್ಕದ ಸಂದಿಯಿಂದ ನುಸುಳಿದ ನೀರು ಆ ಕಾಲುವೆಗೆ ಬಿದ್ದು, ಕೆಳಗಿನ ಹಂಚಿನ ಬೆನ್ನ ಮೇಲೆ ಹರಿದುಹೋಗುತ್ತದೆ. ಬೆನ್ನ ಹಿಂದೆ ತಲೆಯ ಕಡೆ ಇರುವ ಎರಡು ಕೊಕ್ಕೆಗಳು ಹಂಚಿನಡಿಯ ಅಡ್ಡಪಟ್ಟಿಯನ್ನು, ಅಂದರೆ ರೀಪನ್ನು ಹಿಡಿಯುತ್ತವೆ. ಬಾಲದ ಕಡೆ ತಂತಿ ಕಟ್ಟಲು ಒಂದು ತೂತಿನ ಗುಬಟು ಇರುತ್ತದೆ.

ಈ ಏರ್ಪಾಡು ಕೆಲಸ ಮಾಡಲು ಮೂರು ಸಂಗತಿ ಸರಿಯಿರಬೇಕು. ಇಳಿಜಾರು ಸಾಕಷ್ಟಿರಬೇಕು, ರೀಪುಗಳ ನಡುವಿನ ಅಂತರ ಸರಿಯಿರಬೇಕು, ಕಾಲುವೆಯಲ್ಲಿ ಕಸ ಇರಬಾರದು. ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಮಂಗಳೂರಿನಲ್ಲಿ, 7000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಿ ಈ ಮೂರರಲ್ಲಿ ಒಂದು ತಪ್ಪಿದರೂ ಹೊಸ ಹಂಚೇ ಸೋರುತ್ತದೆ.

ಮೊದಲು ಕಾರಣ ಹುಡುಕಿ

ನೆಲದ ಮೇಲೆ ನೀರು ತೊಟ್ಟಿಕ್ಕುವ ಜಾಗದ ನೇರ ಮೇಲೆಯೇ ಒಡಕು ಇರುತ್ತದೆ ಎಂದು ನಂಬಬೇಡಿ. ಒಳಗೆ ಬಂದ ನೀರು ರೀಪನ್ನೋ, ರೀಪು ಹೊತ್ತ ಇಳಿಜಾರು ತೊಲೆಯಾದ ಪಕಾಸನ್ನೋ ಹಿಡಿದು ಕೆಳಕ್ಕೆ ಹರಿದು, ಎಲ್ಲೋ ಒಂದು ಗಂಟು ಸಿಕ್ಕಿದ ಕಡೆ ಹನಿಯುತ್ತದೆ. ನಿಜವಾದ ಜಾಗ ಯಾವಾಗಲೂ ಅದಕ್ಕಿಂತ ಮೇಲಿರುತ್ತದೆ. ಮಳೆ ಬರುವಾಗಲೇ ಟಾರ್ಚು ಹಿಡಿದು, ಒದ್ದೆ ಗೆರೆಯನ್ನು ಹಿಂಬಾಲಿಸಿ ಮೇಲಕ್ಕೆ ಹೋಗಿ. ಗೆರೆ ಶುರುವಾಗುವ ಕಡೆ ಸೀಮೆಸುಣ್ಣದಿಂದ ಗುರುತು ಹಾಕಿ. ಒಣದಿನಗಳಲ್ಲಿ ಆ ಗುರುತೇ ನಿಮಗೆ ದಾರಿ ತೋರಿಸುತ್ತದೆ.

ಬಿಸಿಲಿನ ನಡುಹಗಲು ಇನ್ನೊಂದು ಪರೀಕ್ಷೆ ಮಾಡಬಹುದು. ಅಟ್ಟದ ದೀಪ ಆರಿಸಿ, ಕಿಟಕಿ ಮುಚ್ಚಿ, ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಮೇಲೆ ನೋಡಿ. ನೇರವಾಗಿ ಬೆಳಕಿನ ಚುಕ್ಕೆ ಕಂಡರೆ ಅಲ್ಲಿ ಹಂಚು ಒಡೆದಿದೆ ಅಥವಾ ಸರಿದಿದೆ. ಸಂದಿಗಳಲ್ಲಿ ಓರೆಯಾಗಿ ಮಸುಕು ಬೆಳಕು ಬರುವುದು ಸಹಜ, ಅದಕ್ಕೆ ಗಾಬರಿ ಬೇಡ.

ಸಾಮಾನ್ಯವಾಗಿ ಸಿಗುವ ಕಾರಣಗಳು ಹೀಗಿರುತ್ತವೆ:

• ಒಂಟಿ ಹಂಚು ಒಡೆದಿರುವುದು. ತೆಂಗಿನಕಾಯಿ, ಕೊಂಬೆ ಬಿದ್ದು, ಮಂಗ ನೆಗೆದು, ಅಥವಾ ಯಾರೋ ತುಳಿದು ಆಗಿರುತ್ತದೆ.
• ಹಂಚು ಸರಿದಿರುವುದು. ಕೊಕ್ಕೆ ಮುರಿದಿದೆ ಅಥವಾ ಗಾಳಿ ಎತ್ತಿದೆ.
• ಒಂದೇ ಸಾಲಿನಲ್ಲಿ ನಾಲ್ಕಾರು ಹಂಚು ಬಾಯಿ ತೆರೆದಿರುವುದು. ತೊಂದರೆ ಹಂಚಿನದ್ದಲ್ಲ, ಕೆಳಗಿನ ರೀಪು ಬಗ್ಗಿದೆ ಅಥವಾ ಕೊಳೆತಿದೆ.
• ಹಂಚಿನ ಒಳಮೈ ಇಡಿಯಾಗಿ ಒದ್ದೆಯಾಗಿ ಹನಿಯುವುದು. ಸರಿಯಾಗಿ ಬೇಯದ, ನೀರು ಕುಡಿಯುವ ಹಂಚು ಅದು.
• ಮಾಡಿನ ನೆತ್ತಿಯಲ್ಲಿ ಸೋರುವುದು. ತಲೆಹಂಚಿನ ಗಾರೆ ಬಿರಿದಿದೆ.
• ಎರಡು ಮಾಡು ಕೂಡುವ ಒಳಮೂಲೆಯಲ್ಲಿ ಸೋರುವುದು. ತಗಡಿನ ದೋಣಿಯಲ್ಲಿ ಎಲೆ ಕಟ್ಟಿದೆ ಅಥವಾ ತಗಡು ತುಕ್ಕು ಹಿಡಿದಿದೆ.
• ಗೋಡೆಗೆ ಮಾಡು ತಾಗುವ ಜಾಗದಲ್ಲಿ ಸೋರುವುದು. ಸಂದಿಯ ಗಾರೆ ಬಿಟ್ಟಿದೆ.
• ಗಾಳಿಮಳೆಗೆ ಮಾತ್ರ ಸೋರುವುದು. ಇಳಿಜಾರು ಕಡಿಮೆ, ಎರಚಲು ಒಳನುಗ್ಗುತ್ತಿದೆ.

ಇಳಿಜಾರು ಅಳೆಯುವುದು ಸುಲಭ. 12 ಇಂಚಿನ ಅಳತೆಪಟ್ಟಿಯನ್ನು ಪಕಾಸಿನ ಪಕ್ಕದಲ್ಲಿ ಮಟ್ಟಸವಾಗಿ ಹಿಡಿದು, ಅಷ್ಟು ದೂರಕ್ಕೆ ಪಕಾಸು ಎಷ್ಟು ಏರಿದೆ ನೋಡಿ. 7 ಇಂಚು ಏರಿದ್ದರೆ ಸುಮಾರು 30 ಡಿಗ್ರಿ, ಒಳ್ಳೆಯ ಇಳಿಜಾರು. ಐದೂವರೆ ಇಂಚಿಗಿಂತ ಕಡಿಮೆಯಿದ್ದರೆ 25 ಡಿಗ್ರಿಗಿಂತ ಚಪ್ಪಟೆ ಎಂದರ್ಥ. ಹಾಗಿದ್ದಾಗ ಎಷ್ಟು ಹಂಚು ಬದಲಿಸಿದರೂ ಕಾಟ ತಪ್ಪದು. ಹಂಚಿನ ಕೆಳಗೆ ತಗಡೋ ನೀರು ತಡೆಯುವ ಹಾಳೆಯೋ ಹಾಕಬೇಕು, ಇಲ್ಲವೇ ಮುಂದೊಂದು ದಿನ ಮಾಡನ್ನೇ ಎತ್ತರಿಸಬೇಕು.

ಹತ್ತುವ ಮುನ್ನ

ಒಂದು ಹಂಚಿಗಾಗಿ ಜೀವ ಪಣಕ್ಕಿಡಬಾರದು. ಈ ಭಾಗವನ್ನು ದಯವಿಟ್ಟು ಹಾರಿಸಿ ಓದಬೇಡಿ.

ಒದ್ದೆ ಮಾಡನ್ನು, ಹಾವಸೆ ಕಟ್ಟಿದ ಮಾಡನ್ನು ಹತ್ತಬೇಡಿ. ಬೆಳಗಿನ ಇಬ್ಬನಿ ಆರಿದ ಮೇಲೆ ಕೆಲಸ ಶುರುಮಾಡಿ. ಏಣಿ ಗಟ್ಟಿ ನೆಲದ ಮೇಲಿರಲಿ. ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿಯಂತೆ ಬುಡ ದೂರವಿರಲಿ, ತುದಿ ಸೂರಿಗಿಂತ ಮೂರು ಅಡಿ ಮೇಲೆ ಚಾಚಿರಲಿ, ಮೇಲುಗಡೆ ಹಗ್ಗದಿಂದ ಬಿಗಿದಿರಲಿ. ಕರೆಂಟಿನ ತಂತಿ ಹತ್ತಿರ ಹಾದುಹೋಗಿದ್ದರೆ ಅಲ್ಯೂಮಿನಿಯಂ ಏಣಿ ಬೇಡವೇ ಬೇಡ.

ಹಂಚಿನ ನಡುಭಾಗವನ್ನು ತುಳಿದರೆ ಅದು ಮುರಿಯುತ್ತದೆ. ಕೆಳಗೆ ರೀಪು ಇರುವ ಕಡೆ, ಅಂದರೆ ಮೇಲಿನ ಹಂಚಿನ ಬಾಲ ಕೆಳಗಿನದರ ತಲೆಯ ಮೇಲೆ ಕೂತ ಕಡೆ ಮಾತ್ರ ಕಾಲಿಡಬೇಕು. ಅದಕ್ಕಿಂತ ಒಳ್ಳೆಯದು, ಮಾಡಿನ ಮೇಲೆ ಒಂದು ಹಗುರ ಏಣಿ ಮಲಗಿಸಿ, ಅಡಿಗೆ ಗೋಣಿಚೀಲ ಹಾಸಿ, ನೆತ್ತಿಯ ಆಚೆಗೆ ಹಗ್ಗ ಕಟ್ಟಿ ಅದರ ಮೇಲೆ ನಡೆಯುವುದು. ಆಗ ಭಾರ ಹತ್ತಾರು ಹಂಚಿಗೆ ಹಂಚಿಹೋಗುತ್ತದೆ. ಇಡೀ ಮೈ ಹಿಡಿಯುವ ಸುರಕ್ಷತಾ ಪಟ್ಟಿ ತೊಟ್ಟು, ಅದರ ಹಗ್ಗವನ್ನು ಮಾಡಿನ ಆಚೆ ಬದಿಯ ಗಟ್ಟಿ ಕಂಬಕ್ಕೆ ಕಟ್ಟಿರಿ. ಕೆಲಸಗಾರರನ್ನು ಕರೆಸಿದರೂ ಈ ಪಟ್ಟಿಯನ್ನು ಮನೆಯವರೇ ಒದಗಿಸಿ, ತೊಡಲು ಒತ್ತಾಯಿಸಿ. ಒಬ್ಬರೇ ಎಂದೂ ಹತ್ತಬಾರದು. ಕೆಳಗೊಬ್ಬರು ಇರಲಿ, ಒಡೆದ ಜಾಗದ ಅಡಿಯಲ್ಲಿ ಮಕ್ಕಳು ಓಡಾಡದಿರಲಿ.

ತಲೆ ಸುತ್ತು, ಬಿಪಿ ತೊಂದರೆ ಇದ್ದವರು, ಎತ್ತರಕ್ಕೆ ಅಂಜುವವರು ಈ ಕೆಲಸಕ್ಕೆ ಇಳಿಯಬಾರದು. ಮುಚ್ಚಿಗೆಯಿಲ್ಲದ ಮನೆಯಾದರೆ ಹೆಚ್ಚಿನ ಹಂಚುಗಳನ್ನು ಮಾಡು ಹತ್ತದೆ, ಒಳಗೆ ಏಣಿ ಇಟ್ಟುಕೊಂಡೇ ಬದಲಿಸಬಹುದು.

ಒಡೆದ ಹಂಚು ಬದಲಿಸುವ ಕ್ರಮ

ಬೇಕಾಗುವ ಸಾಮಗ್ರಿ ಕಡಿಮೆ: ಅಳತೆ ಹೊಂದುವ ಹಂಚು, ಮರದ ನಾಲ್ಕು ಬೆಣೆ, ಸ್ಕ್ರೂ ಡ್ರೈವರ್, ತೆಳು ತಂತಿ, ಕೈಗವಸು.

1. ಒಡೆದ ಹಂಚಿನ ತಲೆ ಮೇಲಿನ ಸಾಲಿನ ಹಂಚಿನ ಅಡಿಯಲ್ಲಿರುತ್ತದೆ. ಆ ಮೇಲಿನ ಹಂಚಿನ ಬಾಲವನ್ನು ಎರಡು ಮೂರು ಇಂಚು ಎತ್ತಿ ಬೆಣೆ ಕೊಡಿ. ಪಕ್ಕದಲ್ಲಿ ಒಡೆದ ಹಂಚಿನ ಮೇಲೆ ಏರಿ ಕೂತ ಹಂಚಿಗೂ ಹಾಗೆಯೇ ಬೆಣೆ ಕೊಡಿ.
2. ಒಡೆದ ಹಂಚನ್ನು ತುಸು ಮೇಲಕ್ಕೆ ನೂಕಿ ಎತ್ತಿ. ಕೊಕ್ಕೆ ರೀಪಿನಿಂದ ಬಿಡುತ್ತದೆ. ಆಮೇಲೆ ನಿಧಾನವಾಗಿ ಕೆಳಕ್ಕೆ ಎಳೆದುಕೊಳ್ಳಿ. ಚೂರಾಗಿದ್ದರೆ ಒಂದೊಂದೇ ಚೂರು ತೆಗೆಯಿರಿ, ಒಳಗೆ ಬೀಳಬಿಡಬೇಡಿ.
3. ಬಯಲಾದ ರೀಪನ್ನು ಸ್ಕ್ರೂ ಡ್ರೈವರಿನಿಂದ ಚುಚ್ಚಿ ನೋಡಿ. ತುದಿ ಸಲೀಸಾಗಿ ಒಳಹೊಕ್ಕರೆ ಮರ ಕೊಳೆತಿದೆ, ಅದನ್ನು ಬದಲಿಸದೆ ಹಂಚು ಇಡಬೇಡಿ.
4. ಸುತ್ತಲಿನ ಹಂಚುಗಳ ಕಾಲುವೆಯಲ್ಲಿ ಕೂತ ಮಣ್ಣು, ಎಲೆ, ಇರುವೆಗೂಡು ತೆಗೆಯಿರಿ. ಎಷ್ಟೋ ಸೋರಿಕೆ ಇಷ್ಟರಿಂದಲೇ ನಿಲ್ಲುತ್ತದೆ.
5. ಹೊಸ ಹಂಚಿನ ತಲೆಯನ್ನು ಮೇಲಿನ ಹಂಚಿನಡಿಗೆ ತೂರಿಸಿ, ಕೊಕ್ಕೆ ರೀಪು ದಾಟುವಷ್ಟು ಮೇಲೆ ನೂಕಿ, ಕೆಳಕ್ಕೆ ಎಳೆಯಿರಿ. ಕೊಕ್ಕೆ ಹಿಡಿದದ್ದು ಕೈಗೆ ತಿಳಿಯುತ್ತದೆ. ಪಕ್ಕದ ಏಣು ಕಾಲುವೆಯಲ್ಲಿ ಕೂತಿದೆಯೇ ನೋಡಿ.
6. ಬೆಣೆ ತೆಗೆದು, ಅಂಗೈಯಿಂದ ನಾಲ್ಕು ಮೂಲೆ ಒತ್ತಿ. ಅಲುಗಬಾರದು. ಅಲುಗಿದರೆ ಅಡಿಯಲ್ಲಿ ಕಸವಿದೆ ಅಥವಾ ಹಂಚು ಸೊಟ್ಟಗಿದೆ.

ಸೂರಂಚಿನ ಎರಡು ಸಾಲು, ಮಾಡಿನ ಬದಿಯ ಸಾಲುಗಳನ್ನು ಗಾಳಿ ಮೊದಲು ಎತ್ತುತ್ತದೆ. ಮಂಗಗಳೂ ಅಲ್ಲಿಂದಲೇ ಕೀಳುತ್ತವೆ. ಬಾಲದ ಗುಬಟಿನ ತೂತಿಗೆ ತುಕ್ಕು ಹಿಡಿಯದ ತಂತಿ ಪೋಣಿಸಿ ರೀಪಿಗೆ ಕಟ್ಟಿರಿ. ತೀರ ಬಿಗಿಯಬೇಡಿ. ಮುಂದೆ ಬಿಚ್ಚಬೇಕಾಗುತ್ತದೆ.

ಇನ್ನು ಸಿಮೆಂಟಿನ ವಿಚಾರ. ಬಿರುಕಿಗೆ ಮೆತ್ತಿದ ಸಿಮೆಂಟು ಬಿಸಿಲಿಗೆ ಹಂಚಿನಷ್ಟೇ ಹಿಗ್ಗಿ ಕುಗ್ಗುವುದಿಲ್ಲ. ಒಂದೆರಡು ಬೇಸಿಗೆಯಲ್ಲಿ ಬಿಟ್ಟುಕೊಳ್ಳುತ್ತದೆ. ಅಷ್ಟರಲ್ಲಿ ಅದು ಪಕ್ಕದ ಹಂಚಿಗೂ ಅಂಟಿರುತ್ತದೆ. ಮುಂದೆ ಒಂದು ಹಂಚು ತೆಗೆಯಲು ಹೋದರೆ ಮೂರು ಒಡೆಯುತ್ತವೆ, ನೀರು ಹರಿಯಬೇಕಾದ ಕಾಲುವೆಯೂ ಮುಚ್ಚಿಹೋಗಿರುತ್ತದೆ. ಡಾಂಬರು, ಎಂ-ಸೀಲ್, ಸಿಲಿಕೋನ್ ಯಾವುದೇ ಆದರೂ ಮಳೆಗಾಲ ದಾಟಿಸುವ ತಾತ್ಕಾಲಿಕ ಉಪಾಯ ಮಾತ್ರ.

ನಡುಮಳೆಯಲ್ಲಿ ಸೋರಿದರೆ

ಮಾಡು ಹತ್ತಬೇಡಿ. ಒಳಗಿನಿಂದ ಏಣಿ ಇಟ್ಟು, ಒಡೆದ ಹಂಚಿನ ಮೇಲಿನ ಸಾಲಿನ ಹಂಚನ್ನು ತುಸು ಎತ್ತಿ, ಅದರಡಿಯಿಂದ ಒಡಕಿನ ಮೇಲೆ ಹಾಯುವಂತೆ ಒಂದು ಅಲ್ಯೂಮಿನಿಯಂ ತಗಡು ಅಥವಾ ದಪ್ಪ ಪ್ಲಾಸ್ಟಿಕ್ ಹಾಳೆ ತೂರಿಸಿ. ಅಡಿಕೆ ತೋಟದವರಿಗೆ ಒಳ್ಳೆಯ ಹಾಳೆ ಅಂಗಳದಲ್ಲೇ ಸಿಗುತ್ತದೆ. ನೆನೆದ ಅಡಿಕೆ ಹಾಳೆ ಹಂಚಿನ ಆಕಾರಕ್ಕೆ ಬಗ್ಗಿ ಕೂರುತ್ತದೆ. ಒಂದು ನಿಯಮ ಮರೆಯಬೇಡಿ: ಹಾಳೆಯ ಮೇಲ್ತುದಿ ಮೇಲಿನ ಹಂಚಿನ ಕೆಳಗೆ, ಕೆಳತುದಿ ಕೆಳಗಿನ ಹಂಚಿನ ಮೇಲೆ. ತಿರುವುಮುರುವಾದರೆ ನೀರೆಲ್ಲ ಮನೆಯೊಳಗೆ.

ರೀಪು, ಪಕಾಸುಗಳ ಆರೋಗ್ಯ

ಒಂದು ಲೆಕ್ಕ ನೋಡಿ. ಒಂದು ಚದರ ಮೀಟರಿಗೆ ಸುಮಾರು 15 ಹಂಚು ಬೇಕು. ಹಂಚಿಗೆ ಎರಡೂವರೆ ಕಿಲೋ ಎಂದರೂ 1000 ಚದರಡಿಯ ಮಾಡಿನ ಮೇಲೆ ಸುಮಾರು 1400 ಹಂಚು, ಮೂರೂವರೆ ಟನ್ ಭಾರ. ಮಳೆಗಾಲದಲ್ಲಿ ಹಂಚು ತನ್ನ ತೂಕದ ಶೇ. 15ರಷ್ಟು ನೀರು ಕುಡಿದರೆ ಇನ್ನೂ ಅರ್ಧ ಟನ್ ಸೇರುತ್ತದೆ. ಮರ ಒದ್ದೆಯಾಗಿ ಸೋತಿರುವ ಹೊತ್ತಿನಲ್ಲೇ ಈ ಹೆಚ್ಚುವರಿ ಹೊರೆ ಬೀಳುತ್ತದೆ. ಮಾಡು ನಡುವಲ್ಲಿ ಕುಸಿದಂತೆ ಕಂಡರೆ ಹಂಚಿನ ಸಾಲು ಬಾಯಿಬಿಡುವುದು ಖಂಡಿತ.

ರೀಪು ಬದಲಿಸುವಾಗ ಹಳೆಯದರ ಜಾಗಕ್ಕೇ ಹೊಸದನ್ನು ಹೊಡೆದು ಮುಗಿಸಬೇಡಿ. ಅಂತರ ಅಳೆಯಿರಿ. ಮಂಗಳೂರು ಹಂಚಿಗೆ ರೀಪಿನಿಂದ ರೀಪಿಗೆ ಸುಮಾರು ಹನ್ನೆರಡೂವರೆ ಇಂಚು ಬೇಕು. ಆದರೆ ಕಾರ್ಖಾನೆಯಿಂದ ಕಾರ್ಖಾನೆಗೆ ಅಚ್ಚು ತುಸು ಬದಲಾಗುವುದರಿಂದ, ನಿಮ್ಮದೇ ಆರು ಹಂಚುಗಳನ್ನು ನೆಲದ ಮೇಲೆ ಒಂದರ ಕೆಳಗೊಂದು ಕಚ್ಚಿಸಿ ಮಲಗಿಸಿ, ಕೊಕ್ಕೆಯಿಂದ ಕೊಕ್ಕೆಗೆ ಅಳೆದು ಸರಾಸರಿ ತೆಗೆಯಿರಿ. ಅಂತರ ಅರ್ಧ ಇಂಚು ಹೆಚ್ಚಾದರೂ ಒಂದರ ಮೇಲೊಂದು ಕೂರುವ ಭಾಗ ಕಡಿಮೆಯಾಗಿ ಎರಚಲು ನುಗ್ಗುತ್ತದೆ. ಸೂರಿನ ಕೊನೆಯ ರೀಪು ಮಿಕ್ಕವುಗಳಿಗಿಂತ ದಪ್ಪವಿರಬೇಕು. ಆ ಸಾಲಿನ ಹಂಚಿಗೆ ಕೆಳಗೆ ಆತುಕೊಳ್ಳಲು ಬೇರೆ ಹಂಚಿಲ್ಲವಾದ್ದರಿಂದ, ದಪ್ಪ ರೀಪು ಅದನ್ನು ಸರಿಯಾದ ಓರೆಯಲ್ಲಿ ಎತ್ತಿ ಹಿಡಿಯುತ್ತದೆ.

ಗೆದ್ದಲು ಗೋಡೆಯ ಮೇಲೆ ಮಣ್ಣಿನ ಗೆರೆ ಎಳೆದು ಮೇಲೇರುತ್ತದೆ. ಗೆರೆ ಕಂಡ ದಿನವೇ ಕೆರೆದು, ಅದರ ಮೂಲಕ್ಕೆ ಮದ್ದು ಹಾಕಿಸಿ. ಮರಕ್ಕೆ ಗೇರುಬೀಜದ ಸಿಪ್ಪೆಯ ಎಣ್ಣೆ ಬಳಿಯುವುದು ಕರಾವಳಿಯ ಹಳೆಯ ಪದ್ಧತಿ. ಕೆಲಸಕ್ಕೆ ಬರುವ ಪದ್ಧತಿಯೂ ಹೌದು. ಆದರೆ ಆ ಎಣ್ಣೆ ಮೈಗೆ ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳುತ್ತದೆ. ಕೈಗವಸು, ಕನ್ನಡಕ ಇಲ್ಲದೆ ಮುಟ್ಟಬೇಡಿ. ಈಚೆಗೆ ಮರದ ಬದಲು ಕಬ್ಬಿಣದ ಕೊಳವೆ ಹಾಕಿಸುವವರು ಹೆಚ್ಚು. ಅಂಥವರು ಬೆಸುಗೆ ಹಾಕಿದ ಜಾಗಗಳನ್ನು ಕೆರೆದು, ತುಕ್ಕು ತಡೆಯುವ ಪ್ರೈಮರ್ ಬಳಿಯಲೇಬೇಕು. ಉಪ್ಪುಗಾಳಿಯ ಊರುಗಳಲ್ಲಿ ತುಕ್ಕು ಮೊದಲು ತಿನ್ನುವುದು ಆ ಬೆಸುಗೆಗಳನ್ನೇ.

ನೆತ್ತಿ ಮತ್ತು ಒಳಮೂಲೆ

ಗೋಡೆಯ ಸಂದಿ ಬಿಟ್ಟರೆ ಇಡೀ ಮಾಡಿನಲ್ಲಿ ಗಾರೆ ಬೇಕಾಗುವುದು ತಲೆಹಂಚಿಗೆ. ಬಿರಿದ ಹಳೆಯ ಗಾರೆಯ ಮೇಲೆಯೇ ಹೊಸದನ್ನು ಸಾರಿಸಿದರೆ ಹಿಡಿಯುವುದಿಲ್ಲ. ತಲೆಹಂಚನ್ನು ಎಬ್ಬಿಸಿ, ಹಳೆಯ ಗಾರೆ ಪೂರ್ತಿ ಕೆರೆದು, ಹಂಚನ್ನು ನೀರಲ್ಲಿ ನೆನೆಸಿ ಮತ್ತೆ ಕೂರಿಸಬೇಕು. ಬರೀ ಸಿಮೆಂಟಿನ ಗಡಸು ಗಾರೆ ಬೇಗ ಬಿರಿಯುತ್ತದೆ. ಒಂದು ಪಾಲು ಸಿಮೆಂಟು, ಒಂದು ಪಾಲು ಸುಣ್ಣ, ಆರು ಪಾಲು ಜರಡಿ ಹಿಡಿದ ಮರಳು ಸೇರಿಸಿದರೆ ತುಸು ಬಾಗುವ ಗುಣವಿರುತ್ತದೆ. ಗಾರೆಯನ್ನು ಎರಡೂ ಅಂಚಿನ ಉದ್ದಕ್ಕೆ ಮಾತ್ರ ಹಾಕಿ, ನಡುವೆ ಪೊಳ್ಳು ಬಿಡಿ. ಗಾರೆ ಹೊರಕ್ಕೆ ಚಾಚದೆ ತಲೆಹಂಚಿನ ನೆರಳಲ್ಲೇ ಇರಲಿ. ವಾರದ ತನಕ ನೀರು ಚಿಮುಕಿಸಿ.

ಎರಡು ಮಾಡು ಕೂಡುವ ಒಳಮೂಲೆಯ ದೋಣಿಯಲ್ಲಿ ಎರಡೂ ಮಾಡಿನ ನೀರು ಒಟ್ಟಾಗಿ ಹರಿಯುತ್ತದೆ. ಹಲಸಿನ, ಮಾವಿನ ನಾಲ್ಕು ಎಲೆ ಅಡ್ಡ ಕಟ್ಟಿದರೂ ನೀರು ಉಕ್ಕಿ ಹಂಚಿನ ಅಡಿಗೆ ನುಗ್ಗುತ್ತದೆ. ಮೇ ತಿಂಗಳಲ್ಲಿ ಒಮ್ಮೆ, ಮುಂಗಾರಿನ ಬಿಡುವಿನಲ್ಲಿ ಮತ್ತೊಮ್ಮೆ ಗುಡಿಸಿ. ತಗಡು ಬದಲಿಸುವಾಗ ಎರಡೂ ಕಡೆ ಹಂಚಿನಡಿ ಕನಿಷ್ಠ ಆರು ಇಂಚು ಹೋಗುವಷ್ಟು ಅಗಲದ್ದು ಹಾಕಿಸಿ, ಅಂಚನ್ನು ಮೇಲಕ್ಕೆ ಮಡಿಸಿ. ನಡುವೆ ಕೈ ಹಾಕಿ ಗುಡಿಸುವಷ್ಟು ತೆರವು ಇರಲಿ.

ಹಾವಸೆಗೆ ಅಂಜಿ ಹಂಚನ್ನು ತಂತಿ ಬ್ರಷ್ಷಿನಿಂದ ತಿಕ್ಕುವುದು, ಜೋರು ನೀರು ಹೊಡೆಸುವುದು ಬೇಡ. ಬೆಂದ ಮಣ್ಣಿನ ಗಟ್ಟಿ ಮೇಲ್ಪದರ ಕಿತ್ತುಹೋಗಿ ಹಂಚು ಇನ್ನಷ್ಟು ನೀರು ಕುಡಿಯುತ್ತದೆ. ನಾರಿನ ಬ್ರಷ್ಷು, ಹದ ನೀರು ಸಾಕು. ಕೆಂಪು ಬಣ್ಣ ಬಳಿಸಿದರೆ ಸೋರುವುದು ನಿಲ್ಲದು, ಬಿರುಕು ಕಣ್ಣಿಗೆ ಕಾಣದಂತಾಗುತ್ತದೆ ಅಷ್ಟೆ.

ಹಂಚು ಕೊಳ್ಳುವಾಗ

ಬೆರಳಗೆಣ್ಣಿನಿಂದ ತಟ್ಟಿ ನೋಡಿ. ಚೆನ್ನಾಗಿ ಬೆಂದ ಹಂಚು ಠಣ್ ಎನ್ನುತ್ತದೆ, ಒಳಬಿರುಕಿದ್ದರೆ ಸದ್ದು ಮಂಕು. ಮಂಗಳೂರು ಮಾದರಿ ಹಂಚಿಗೆ ಭಾರತೀಯ ಮಾನಕ 654 ಇದೆ. ಅದು ಹಂಚನ್ನು ಎಎ, ಎ ಎಂದು ಎರಡು ದರ್ಜೆ ಮಾಡುತ್ತದೆ. ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೂ ಉಂಟು. ಒಣ ಹಂಚನ್ನು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ, ಒರೆಸಿ ಮತ್ತೆ ತೂಗಿ. ಎರಡೂವರೆ ಕಿಲೋ ಹಂಚು ಮೂರು ಕಿಲೋ ದಾಟಿದರೆ ಅದು ಶೇ. 20ಕ್ಕಿಂತ ಹೆಚ್ಚು ನೀರು ಕುಡಿದಿದೆ. ಅಂಥದ್ದನ್ನು ಮಾಡಿಗೇರಿಸಬೇಡಿ.

ದೊಡ್ಡ ತೊಡಕು ಅಚ್ಚಿನ ಹೊಂದಾಣಿಕೆ. ಹಳೆಯ ಹಂಚಿನ ಬೆನ್ನ ಹಿಂದೆ ಕಾರ್ಖಾನೆಯ ಹೆಸರೋ ಚಿಹ್ನೆಯೋ ಒತ್ತಿರುತ್ತದೆ. ಅದರ ಫೋಟೋ ತೆಗೆದುಕೊಂಡು, ಒಂದು ಹಂಚನ್ನೂ ಜೊತೆಗೆ ಒಯ್ದು ಅಂಗಡಿಯಲ್ಲಿ ಕಚ್ಚಿಸಿ ನೋಡಿಯೇ ಕೊಳ್ಳಿ. ಎಷ್ಟೋ ಕಾರ್ಖಾನೆಗಳು ಮುಚ್ಚಿಹೋಗಿರುವುದರಿಂದ ಹೊಸದರಲ್ಲಿ ಜೋಡಿ ಸಿಗದಿರಬಹುದು. ಆಗ ಕೆಡವಿದ ಮನೆಗಳ ಹಳೆಹಂಚು ಮಾರುವವರಲ್ಲಿ ಹುಡುಕಿ. ಅಲ್ಲೂ ಸಿಗದಿದ್ದರೆ, ಮನೆಯ ಹಿಂದಿನ ಒಂದು ಇಳಿಜಾರಿನ ಹಂಚನ್ನೆಲ್ಲ ಇಳಿಸಿ, ಒಳ್ಳೆಯವನ್ನು ಆರಿಸಿ ಮುಂದಿನ ಮಾಡಿನ ದುರಸ್ತಿಗೆ ಬಳಸಿ. ಹಿಂದಿನ ಇಳಿಜಾರಿಗೆ ಪೂರ್ತಿಯಾಗಿ ಹೊಸ ಅಚ್ಚಿನ ಹಂಚು ಹೊದಿಸಿ, ರೀಪಿನ ಅಂತರವನ್ನೂ ಅದಕ್ಕೆ ಹೊಂದಿಸಿ. ಒಂದೇ ಇಳಿಜಾರಿನಲ್ಲಿ ಎರಡು ಅಚ್ಚು ಬೆರೆಸಬಾರದು.

ಮಾಡಿಗೆ ಶಿಂಗಲ್ಸ್ ಹೊದಿಸಿದ್ದರೆ

ಬೆಂಗಳೂರಿನ ವಿಲ್ಲಾಗಳಲ್ಲಿ, ಕೊಡಗು ಚಿಕ್ಕಮಗಳೂರಿನ ರೆಸಾರ್ಟುಗಳಲ್ಲಿ ಈಗ ಆಸ್ಫಾಲ್ಟ್ ಶಿಂಗಲ್ಸ್ ಕಾಣುತ್ತಿವೆ. ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರ ಮನೆಗಳಿಗಂತೂ ಬಹುಪಾಲು ಅದೇ ಹೊದಿಕೆ. ಗಾಜುನಾರಿನ ಹಾಳೆಗೆ ಡಾಂಬರು ಲೇಪಿಸಿ, ಮೇಲೆ ಕಲ್ಲಿನ ಹರಳು ಕೂರಿಸಿ ಮಾಡಿದ ಪಟ್ಟಿ ಅದು. ಹಂಚಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸವೆಂದರೆ ಇದನ್ನು ಮೊಳೆ ಹೊಡೆದು, ಅಂಟಿನ ಪಟ್ಟಿಯಿಂದ ಕೂಡಿಸಿರುತ್ತಾರೆ. ದುರಸ್ತಿಯ ಕ್ರಮವೂ ಹಾಗಾಗಿ ಬೇರೆ.

ಬಿಸಿಲೇರಿದಾಗ ಶಿಂಗಲ್ ಮೆತ್ತಗಾಗಿ ಹರಿಯುತ್ತದೆ, ತೀರ ಚಳಿಯಲ್ಲಿ ಬಗ್ಗಿಸಿದರೆ ಮುರಿಯುತ್ತದೆ. ಹದ ಬೆಚ್ಚಗಿನ ಬೆಳಗ್ಗೆ ಕೆಲಸಕ್ಕೆ ಸರಿ. ಚಪ್ಪಟೆ ಪಟ್ಟಿಗಂಬಿಯನ್ನು ಮೇಲಿನ ಸಾಲಿನ ಅಡಿಗೆ ತೂರಿಸಿ ಅಂಟನ್ನು ಮೆಲ್ಲಗೆ ಬಿಡಿಸಿ. ಕೆಟ್ಟ ಪಟ್ಟಿಯನ್ನು ಹಿಡಿದಿರುವುದು ಅದರದೇ ಮೊಳೆಗಳಷ್ಟೇ ಅಲ್ಲ. ಮೇಲಿನ ಸಾಲಿನ ಮೊಳೆಗಳೂ ಅದರ ತಲೆಯ ಅಂಚನ್ನು ತೂರಿ ಹೋಗಿರುತ್ತವೆ. ಎರಡೂ ಸಾಲಿನ ಮೊಳೆ ಕಿತ್ತರೆ ಮಾತ್ರ ಪಟ್ಟಿ ಹರಿಯದೆ ಹೊರಬರುತ್ತದೆ. ಹೊಸದನ್ನು ಅದೇ ಜಾಗಕ್ಕೆ ಸರಿಸಿ, ಸಾಮಾನ್ಯವಾಗಿ ಪಟ್ಟಿಗೆ ನಾಲ್ಕು, ಗಾಳಿಯ ಜಾಗದಲ್ಲಿ ಆರು ಮೊಳೆ ಹೊಡೆಯಿರಿ. ಮೊಳೆಯ ತಲೆ ಯಾವಾಗಲೂ ಮೇಲಿನ ಸಾಲಿನ ಅಡಿಯಲ್ಲಿ ಮುಚ್ಚಿಹೋಗುವಂತಿರಬೇಕು. ಕೊನೆಗೆ ಬಿಡಿಸಿದ ಅಂಚುಗಳ ಅಡಿಗೆ ನಾಣ್ಯದಷ್ಟು ರೂಫಿಂಗ್ ಸಿಮೆಂಟು ಹಚ್ಚಿ ಒತ್ತಿ. ನೀರಿನ ದೋಣಿಯಲ್ಲಿ ಕಲ್ಲಿನ ಹರಳು ರಾಶಿಯಾಗಿ ಸಿಗುತ್ತಿದ್ದರೆ, ಪಟ್ಟಿಗಳ ತುದಿ ಎಲ್ಲೆಡೆ ಮುರುಟಿದ್ದರೆ ಬಿಡಿ ದುರಸ್ತಿಯ ಕಾಲ ಮುಗಿಯಿತೆಂದೇ ತಿಳಿಯಿರಿ.

ವರ್ಷದ ಲೆಕ್ಕ

• ಜೂನ್‌ನಿಂದ ಸೆಪ್ಟೆಂಬರ್: ಒಳಗಿನಿಂದ ನೋಡುವುದು, ಒದ್ದೆ ಜಾಗಕ್ಕೆ ಗುರುತು ಹಾಕುವುದು. ತುರ್ತಿಗೆ ಹಾಳೆ ತೂರಿಸುವುದು.
• ನವೆಂಬರ್, ಡಿಸೆಂಬರ್: ಗುರುತುಗಳನ್ನೆಲ್ಲ ಒಂದು ಪುಸ್ತಕಕ್ಕೆ ಇಳಿಸುವುದು. ಎಷ್ಟು ಹಂಚು, ಎಷ್ಟು ಅಡಿ ರೀಪು ಬೇಕೆಂದು ಲೆಕ್ಕ ಹಾಕಿ ಕೊಳ್ಳುವುದು.
• ಜನವರಿಯಿಂದ ಮಾರ್ಚ್: ಮುಖ್ಯ ದುರಸ್ತಿ. ಮರ ಒಣಗಿರುತ್ತದೆ, ಗಾರೆ ಆರಲು ಕಾಲಾವಕಾಶವಿರುತ್ತದೆ, ಕೆಲಸಗಾರರೂ ನಿಧಾನವಾಗಿ ಕೆಲಸ ಮಾಡಿಯಾರು.
• ಏಪ್ರಿಲ್, ಮೇ: ಮಾಡಿನ ಮೇಲೆ ಚಾಚಿದ ಕೊಂಬೆ ಕಡಿಯುವುದು, ದೋಣಿ ಗುಡಿಸುವುದು. ಭರಣಿ, ಕೃತ್ತಿಕೆಯ ಗುಡುಗುಮಳೆ ಬಂದಾಗ ದುರಸ್ತಿ ಸರಿಯಾಗಿದೆಯೇ ಎಂದು ಪರೀಕ್ಷಿಸುವುದು. ತಪ್ಪಿದ್ದರೆ ತಿದ್ದಲು ಇನ್ನೂ ದಿನಗಳಿರುತ್ತವೆ.

ಕೆಲಸಗಾರರು ಬಂದಾಗ ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿ: ತಲೆಹಂಚು, ಗೋಡೆಯ ಸಂದಿ ಬಿಟ್ಟು ಬೇರೆಲ್ಲೂ ಸಿಮೆಂಟು ಬೇಡ. ಇಳಿಸಿದ ಹಂಚಿನಲ್ಲಿ ಒಳ್ಳೆಯವನ್ನು ಎಸೆಯದೆ ಬೇರೆ ಇಡಲಿ. ಹಂಚು ಹೊದಿಸುವ ಕೈಗಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿವೆ. ಬಲ್ಲವರು ಮಾಡಿನ ಮೇಲಿರುವ ದಿನ ಮನೆಯ ಹುಡುಗ ಹುಡುಗಿಯರು ಒಳಗಿನಿಂದ ಒಂದು ಹಂಚು ಬದಲಿಸುವುದನ್ನಾದರೂ ಕಲಿತುಕೊಳ್ಳಲಿ. ಆ ಕೆಲಸಕ್ಕೆ ತಕ್ಕ ಕೂಲಿ ಕೊಡುವುದರಲ್ಲಿ ಚೌಕಾಸಿ ಬೇಡ. ಹತ್ತು ಹಂಚು ಸರಿಯಾಗಿ ಕೂರಿಸಿದವರು ಒಂದು ಪಕಾಸನ್ನು ಕೊಳೆಯದಂತೆ ಉಳಿಸಿರುತ್ತಾರೆ.

ಕೊನೆಯದಾಗಿ, ನಿಮ್ಮ ಮಾಡಿಗೆ ಹೊಂದುವ ಹಂಚು ಎಲ್ಲಾದರೂ ಸಿಕ್ಕಿದರೆ ನೂರಕ್ಕೆ ಐದರ ಲೆಕ್ಕದಲ್ಲಿ ಹೆಚ್ಚಿಗೆ ಕೊಂಡು, ಕೊಟ್ಟಿಗೆಯ ಗೋಡೆಗೆ ಒರಗಿಸಿ ನಿಲ್ಲಿಸಿಡಿ. 1400 ಹಂಚಿನ ಮಾಡಿಗೆ 70 ಹಂಚು. ಅಷ್ಟಿದ್ದರೆ ಮುಂದಿನ ಹಲವು ವರ್ಷ ಒಂದು ಹಂಚು ಒಡೆಯಿತೆಂದು ಇಡೀ ಮಾಡು ಬದಲಿಸುವ ಮಾತು ನಿಮ್ಮ ಮನೆಯಲ್ಲಿ ಏಳುವುದಿಲ್ಲ.